2,41,000 ಕಿ.ಮೀ. ಓಡಿದ ಡಿಸೈರ್: ರಿಪೇರಿ ಮಾಡಿಸುವುದಾ, ಕೊಟ್ಟುಬಿಡುವುದಾ?

ನೀರ್ಚಾಲು_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನೆಯಲ್ಲಿ ಇದೇ ಮಾತು. ಊಟಕ್ಕೆ ಕೂತರೂ ಇದೇ, ತಂಗಿ ಫೋನ್ ಮಾಡಿದರೂ ಇದೇ. ಸಾಕಾಗಿ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು 2011ರ ಸ್ವಿಫ್ಟ್ ಡಿಸೈರ್ ಡೀಸೆಲ್, ಕೆಎಲ್ 14, ಅಂದರೆ ಕೇರಳದ ಕಾಸರಗೋಡಿನ ನೋಂದಣಿ. ಹಳೇ ಮಾದರಿ, ಡಿಕ್ಕಿ ಉದ್ದ ಇರುವಂಥದ್ದು. ಮೀಟರ್ 2,41,000 ದಾಟಿದೆ. ಶೋರೂಮಿನಿಂದ ನಾನೇ ತಂದದ್ದು, ಬೇರೆ ಯಾರ ಹೆಸರಿಗೂ ಆಗಿಲ್ಲ. ಮಗಳು ಎಲ್‌ಕೆಜಿಗೆ ಸೇರಿದ ವರ್ಷ ಬಂದ ಕಾರು, ಈಗ ಅವಳು ಪುತ್ತೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಡಿಕ್ಕಿಯಲ್ಲಿ ಅಡಿಕೆ ಗೋಣಿ, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ, ಹೀಗೆಯೇ ಇಷ್ಟು ವರ್ಷ ಓಡಿದೆ. ಅಂಗಳಕ್ಕೆ ಇಳಿಯುವ ನಮ್ಮ ಮಣ್ಣಿನ ದಾರಿ ನೋಡಿದವರಿಗೆ ಗೊತ್ತು, ದಿನಾ ಆ ಏರು ಹತ್ತುವುದೇ ಒಂದು ಸಾಹಸ.

ಈಗಿನ ತೊಂದರೆ ಹೇಳುತ್ತೇನೆ. ಏರಿನಲ್ಲಿ ಪಿಕಪ್ ಇಲ್ಲ, ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಎಂಜಿನ್ ಕೂಗುತ್ತದೆ, ಕಾರು ಮಾತ್ರ ನಿಧಾನ. ಬೆಳಗ್ಗೆ ಸ್ಟಾರ್ಟ್ ಮಾಡಲು ಎರಡು ಮೂರು ಸಲ ಕೀ ತಿರುಗಿಸಬೇಕು. ಎಸಿ ಇದ್ದೂ ಇಲ್ಲದ ಹಾಗೆ. ಮತ್ತೆ 85 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಇದು ನನಗೆ ಗೊತ್ತಾದದ್ದೇ ತಲಪಾಡಿಯಿಂದ ಚೆಂಗಳದವರೆಗೆ ಆರು ಪಥದ ರಸ್ತೆ ಆದ ಮೇಲೆ! ಮೊದಲು ಆ ಹೊಂಡಗಳಲ್ಲಿ 50 ದಾಟುವುದಕ್ಕೆ ಎಲ್ಲಿತ್ತು? ರಸ್ತೆ ಸರಿಯಾಯಿತು, ಕಾರಿನ ವಯಸ್ಸು ಹೊರಗೆ ಬಂತು.

ಗ್ಯಾರೇಜಿಗೆ ತೋರಿಸಿದೆ. ಎಸ್ಟಿಮೇಟನ್ನು ಮಲಯಾಳದಲ್ಲಿ ಬರೆದುಕೊಟ್ಟರು, ಓದಿ ಹೇಳಲು ಮಗಳೇ ಬೇಕಾಯಿತು. ಕ್ಲಚ್ ಸೆಟ್ 10,500. ಸಸ್ಪೆನ್ಷನ್ ಪೂರ್ತಿ 16,000. ಎಸಿ ಕೂಲಿಂಗ್ ಕಾಯಿಲ್ 8,500. ಎಂಜಿನ್ ಬಿಚ್ಚಿ ಮಾಡುವ ‘ಹಾಫ್ ವರ್ಕ್’ 48,000. ಒಟ್ಟು 83,000, ಟೈರ್ ಬೇರೆ. ಬಿಚ್ಚಿದ ಮೇಲೆ ಜಾಸ್ತಿಯೂ ಆಗಬಹುದು ಅಂದರು.

ಕಾರಿಗೆ ಸಿಗುವುದೆಷ್ಟು? ಎಕ್ಸ್‌ಚೇಂಜ್‌ಗೆ ಕೊಟ್ಟರೆ 1,10,000 ಅಂದರು, ಊರಿನ ಬ್ರೋಕರ್ 1,35,000 ಹೇಳಿದ. ಒಂದೂಕಾಲು ಲಕ್ಷದ ಗಾಡಿಗೆ 83,000 ಸುರಿಯುವುದು ಹುಚ್ಚಲ್ವಾ, ಇದು ತಂಗಿಯ ವಾದ. ಹೊಸದು ತೆಗೆದರೆ ಐದೂವರೆ ಲಕ್ಷ ಸಾಲ ಬೇಕು. ಶೇ. 9ರ ಬಡ್ಡಿಗೆ ಐದು ವರ್ಷ ಅಂದರೆ ತಿಂಗಳಿಗೆ 11,400 ಚಿಲ್ಲರೆ. ಅದರ ಮೇಲೆ ಮುಂದಿನ ಸೆಪ್ಟೆಂಬರ್‌ಗೆ, ಅಂದರೆ 2026ಕ್ಕೆ, ಕಾರಿಗೆ 15 ವರ್ಷ ತುಂಬಿ ಆರ್‌ಸಿ ಮುಗಿಯುತ್ತದೆ. ಆಮೇಲೆ ಓಡಿಸಲಿಕ್ಕೇ ಬಿಡುವುದಿಲ್ಲ ಅಂತ ಒಬ್ಬರು, ಏನೂ ಆಗುವುದಿಲ್ಲ ಅಂತ ಇನ್ನೊಬ್ಬರು.

ನಮ್ಮ ಓಡಾಟ ವರ್ಷಕ್ಕೆ 9,000 ಕಿ.ಮೀ. ಶಾಲೆ, ಬದಿಯಡ್ಕ ಪೇಟೆ, ತಿಂಗಳಿಗೊಮ್ಮೆ ಅಪ್ಪನ ಹಾರ್ಟ್ ಚೆಕಪ್‌ಗೆ ಮಂಗಳೂರು. ಅಪ್ಪನಿಗೆ 78. ಹೆಂಡತಿಯ ಪ್ರಶ್ನೆ ಒಂದೇ: “ಮಾವನನ್ನು ಕೂರಿಸಿಕೊಂಡು ಹೋಗುವಾಗ ನಡುದಾರಿಯಲ್ಲಿ ನಿಂತರೆ ಎಂತ ಮಾಡುತ್ತೀರಿ?” ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ?


ದೋಹಾ_ಭಾವ:

ಕೊಟ್ಟುಬಿಡಿ ಮೇಷ್ಟ್ರೇ. ಹಳೇ ಡೀಸೆಲ್ ಅಂದರೆ ತಲೆನೋವು. ಜಿಎಸ್‌ಟಿ ಬೇರೆ ಇಳಿದಿದೆ, 4 ಮೀಟರ್ ಒಳಗಿನ ಸಣ್ಣ ಪೆಟ್ರೋಲ್ ಕಾರಿಗೆ 28ರಿಂದ 18ಕ್ಕೆ. ಈಗ ತೆಗೆಯದೆ ಇನ್ನು ಯಾವಾಗ?


ಮುಳ್ಳೇರಿಯ_ಅಕ್ಕ:

ನಾವು ಹೋದ ವರ್ಷ ಇದೇ ಜಾಗದಲ್ಲಿ ನಿಂತಿದ್ದೆವು, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮದು ಹಳೇ ವ್ಯಾಗನ್ಆರ್. 40,000 ಖರ್ಚು ಇದೆ ಅಂದ ಕೂಡಲೇ ಯಜಮಾನರು ಸಿಟ್ಟಿನಲ್ಲಿ ಕೊಟ್ಟು ಹೊಸದು ತಂದರು. ಹೊಸ ಕಾರು ಚೆನ್ನಾಗಿದೆ, ಸುಳ್ಳು ಹೇಳಬಾರದು. ಎಸಿ ಹಾಕಿದರೆ ಚಳಿ ಆಗುತ್ತದೆ, ಶಬ್ದ ಇಲ್ಲ, ಅತ್ತೆಗೆ ಹತ್ತಿ ಇಳಿಯಲು ಸುಲಭ.

ಆದರೆ ಎರಡು ವಿಷಯ ಯಾರೂ ಹೇಳಿರಲಿಲ್ಲ. ಒಂದು, ಕಂತು ತಿಂಗಳು ತಿಂಗಳು ಬರುತ್ತದೆ, ಅಡಿಕೆ ತಿಂಗಳು ತಿಂಗಳು ಬರುವುದಿಲ್ಲ! ನಾವು ಪೂರ್ತಿ ತೋಟದವರು. ಮಳೆಗಾಲದಲ್ಲಿ ಮದ್ದು ಬಿಡುವ ಖರ್ಚು ಬಂದಾಗ ಅದೇ ತಿಂಗಳು ಕಂತೂ ಕಟ್ಟಬೇಕಲ್ಲ, ದರ ಏರಲಿ ಅಂತ ಇಟ್ಟುಕೊಂಡಿದ್ದ ಅಡಿಕೆಯನ್ನು ಮೊದಲೇ ಕೊಟ್ಟೆವು. ಆ ನಷ್ಟವನ್ನು ಕಾರಿನ ಲೆಕ್ಕಕ್ಕೆ ಯಾರು ಬರೆಯುತ್ತಾರೆ? ನಿಮಗೆ ಸಂಬಳ ಇದೆ, ನಿಮ್ಮ ಕಥೆ ಬೇರೆ ಇರಬಹುದು.

ಎರಡನೆಯದು ಸ್ವಲ್ಪ ನಗುವ ವಿಷಯ. ಹೊಸ ಕಾರಿನಲ್ಲಿ ಗೋಣಿ ಹಾಕಲು ಇವರಿಗೆ ಮನಸ್ಸಿಲ್ಲ. ಹಿಂಡಿ, ಗೊಬ್ಬರ, ತೆಂಗಿನಕಾಯಿ ಎಲ್ಲದಕ್ಕೂ ಈಗ ಗೂಡ್ಸ್ ಆಟೋ. ಮೊನ್ನೆ ಲೆಕ್ಕ ಹಾಕಿದೆ, ಒಂದು ವರ್ಷದಲ್ಲಿ ಬಾಡಿಗೆಗೇ 14,000 ಹೋಗಿದೆ. ಹಳೇ ಕಾರು ಇದ್ದಾಗ ಈ ಖರ್ಚು ಒಂದಿತ್ತು ಅಂತಲೇ ಗೊತ್ತಿರಲಿಲ್ಲ.


ಗ್ರೀಸ್_ಕೈ:

ಪೆರ್ಲದಲ್ಲಿ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದೇನೆ, 22 ವರ್ಷ ಆಯಿತು. ನಿಮ್ಮ ಕಾರು ನೋಡಿಲ್ಲ, ನೋಡದೆ ತೀರ್ಪು ಕೊಡುವುದಿಲ್ಲ. ಆದರೆ ಆ ಎಸ್ಟಿಮೇಟ್ ಓದಿದಾಗ ನನಗೆ ಒಂದು ಸಂಶಯ ಬಂತು. ಅರ್ಧಕ್ಕಿಂತ ಜಾಸ್ತಿ ದುಡ್ಡು ‘ಹಾಫ್ ವರ್ಕ್’ ಅನ್ನುವ ಒಂದು ಸಾಲಿಗೆ ಹೋಗಿದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆದು ನೋಡಿದ್ದಾರಾ? ನೋಡಿದ್ದರೆ ನೀವು ಬರೆಯುತ್ತಿದ್ದಿರಿ. ನೋಡದೆ ಎಂಜಿನ್ ಬಿಚ್ಚಲು ಹೇಳಿದರೆ ಒಪ್ಪಬೇಡಿ.

ಹೊಗೆಯ ಬಣ್ಣ ನೋಡಿ ಮೇಷ್ಟ್ರೇ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅದು ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಇಲ್ಲ ಎಂಜಿನ್ನಿಗೆ ಗಾಳಿ ಒತ್ತಿ ಕಳಿಸುವ ಟರ್ಬೊ, ಅಲ್ಲಿ ಖರ್ಚು ಇದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು. ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕ ಗಾಳಿ ಸಿಗುತ್ತಿಲ್ಲ. ನಿಮ್ಮದು ಕಪ್ಪು, ಜೊತೆಗೆ ಪಿಕಪ್ ಇಲ್ಲ. ಈ 1.3 ಎಂಜಿನ್‌ನಲ್ಲಿ, ಫಿಯೆಟ್‌ನವರ ವಿನ್ಯಾಸ ಅದು, ನಾನು ಮೊದಲು ಕೈ ಹಾಕುವುದು ಟರ್ಬೊದಿಂದ ಆ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ಗೆ. ವಯಸ್ಸಾದ ಮೇಲೆ ಕ್ಲಾಂಪ್ ಹತ್ತಿರ ಸೀಳುತ್ತದೆ. ನಿಂತಲ್ಲೇ ನೋಡಿದರೆ ಕಾಣುವುದಿಲ್ಲ, ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಒಬ್ಬರನ್ನು ಒಳಗೆ ಕೂರಿಸಿ ಆಕ್ಸಿಲರೇಟರ್ ಒತ್ತಿಸಿ, ನೀವು ಬಾನೆಟ್ ಎತ್ತಿ ಕಿವಿ ಕೊಡಿ. ‘ಸುಯ್’ ಅಂದರೆ ಅದೇ. ಎಂಜಿನ್ ತಣ್ಣಗಾದ ಮೇಲೆ ಹೋಸ್‌ನ ಅಡಿಭಾಗಕ್ಕೆ ಕೈ ಹಾಕಿ, ಎಣ್ಣೆ ಪಸೆ ಇರುತ್ತದೆ. ಏರ್ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತಲೂ ನೋಡಿ, ನಮ್ಮ ಕೆಂಪು ಧೂಳಿಗೆ ಅದು ಬೇಗ ಕಟ್ಟುತ್ತದೆ.

ಎಂಜಿನ್ ಒಳಗೆ ಹೋಗಿದೆಯಾ ಅಂತ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಚೆನ್ನಾಗಿ ಓಡಿಸಿ ಬಂದು, ಎಂಜಿನ್ ಆಫ್ ಮಾಡದೆ, ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಬಿಡಿಸಿ ಅಲ್ಲೇ ಸುಮ್ನೆ ಮಗುಚಿ ಇಡಿ. ಸ್ವಲ್ಪ ನಡುಗಿದರೆ ಚಿಂತೆ ಇಲ್ಲ, ಇಷ್ಟು ಓಡಿದ ಡೀಸೆಲ್‌ಗೆ ಅದು ಸಹಜ. ಕುಣಿದು ಕೆಳಗೆ ಬಿದ್ದು, ಬಾಯಿಯಿಂದ ಬುಸುಬುಸು ಹೊಗೆ ಬಂದರೆ ರಿಂಗ್ ಹೋಗಿದೆ, ಆಗ ನಿಮ್ಮ ತಂಗಿಯ ಮಾತು ಸರಿ. ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಎಷ್ಟು ಆಯಿಲ್ ಮೇಲಿಂದ ಹಾಕುತ್ತೀರಿ ಅಂತಲೂ ತಿಳಿಸಿ.

ಬೆಳಗಿನ ಸ್ಟಾರ್ಟಿಂಗ್‌ಗೆ ಮೊದಲು ಹೀಟರ್ ಪ್ಲಗ್ ನಾಲ್ಕನ್ನೂ ನೋಡಿಸಿ. ಕ್ಲಚ್ ಹೋಗಿದೆ, ಅದರಲ್ಲಿ ಸಂಶಯ ಇಲ್ಲ, ಎಂಜಿನ್ ಕೂಗಿ ಕಾರು ಹೋಗದಿದ್ದರೆ ಪ್ಲೇಟ್ ಜಾರುತ್ತಿದೆ, ಮಾಡಿಸಲೇಬೇಕು. ಸ್ಟೀರಿಂಗ್ ನಡುಕಕ್ಕೆ ಸಸ್ಪೆನ್ಷನ್ ಪೂರ್ತಿ ಯಾಕೆ? ಮೊದಲು ಟೈರ್ ನೋಡಿ. ಟೈರಿನ ಬದಿಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 3218 ಅಂದರೆ 2018ರ 32ನೇ ವಾರ ತಯಾರಾದದ್ದು.

ಇಷ್ಟೆಲ್ಲ ಎಂಜಿನ್ ಕಥೆ ಹೇಳಿದೆ, ಆದರೆ ಈ ಊರಿನಲ್ಲಿ ಕಾರು ಸಾಯುವುದು ಎಂಜಿನ್‌ನಿಂದ ಅಲ್ಲ, ತುಕ್ಕಿನಿಂದ. ಆರು ತಿಂಗಳು ಒದ್ದೆ, ಕೆಂಪು ಮಣ್ಣು ಬಾಗಿಲಿನ ಅಡಿಯ ನೀರು ಇಳಿಯುವ ತೂತುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ, ಒಳಗೆ ನೀರು ನಿಲ್ಲುತ್ತದೆ. ಮೇಲೆ ಪೇಂಟ್ ಹೊಳೆಯುತ್ತಿರುತ್ತದೆ, ಕೆಳಗೆ ಹಪ್ಪಳ. ಒಂದು ಸ್ಕ್ರೂಡ್ರೈವರ್ ತಕೊಳ್ಳಿ. ಜ್ಯಾಕ್ ಕೊಡುವ ಅಂಚು, ಹಿಂದಿನ ಆಕ್ಸಲ್ ಕಚ್ಚಿಕೊಂಡಿರುವ ಜಾಗ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಮೇಲ್ಭಾಗ, ಕಾಲಡಿ ಮ್ಯಾಟ್ ತೆಗೆದು ಫ್ಲೋರ್. ಎಲ್ಲ ಕಡೆ ಹಿಡಿಕೆಯಿಂದ ತಟ್ಟಿ, ತುದಿಯಿಂದ ಒತ್ತಿ. ‘ಟಕ್’ ಅಂದರೆ ಸರಿ. ಈ ನಾಲ್ಕು ಜಾಗದಲ್ಲಿ ಎಲ್ಲಾದರೂ ತುದಿ ಒಳಗೆ ಹೋಯಿತೋ, ಒಂದು ರೂಪಾಯಿಯೂ ಹಾಕಬೇಡಿ, ಬ್ರೋಕರ್‌ಗೆ ಕೊಡಿ.


ದೋಹಾ_ಭಾವ:

ಗ್ಯಾರೇಜಿನವರು ರಿಪೇರಿ ಮಾಡಿ ಅಂತಲ್ಲದೆ ಇನ್ನೇನು ಹೇಳುತ್ತಾರೆ 😄


ಗ್ರೀಸ್_ಕೈ:

48,000ದ ಕೆಲಸ ಬೇಡ ಅಂತ ಹೇಳಿದವನೂ ಗ್ಯಾರೇಜಿನವನೇ ಭಾವ. ಊರಿಗೆ ಬಂದಾಗ ನಿಮ್ಮ ಗಾಡಿಯನ್ನೂ ತನ್ನಿ, ಸ್ಕ್ರೂಡ್ರೈವರ್ ನನ್ನದೇ.


ಕುಂಬಳೆ_ಬಸ್‌ಸ್ಟ್ಯಾಂಡ್:

ಆರ್‌ಸಿ ವಿಷಯ ಮಾತ್ರ ಹೇಳುತ್ತೇನೆ, ನನ್ನ ಹಳೇ ಕಾರಿಗೆ ಮೊನ್ನೆ ಮೇ ತಿಂಗಳಲ್ಲಿ ಮಾಡಿಸಿದ್ದು.

15 ವರ್ಷ ಆದರೆ ಓಡಿಸಬಾರದು ಅಂತ ನಮ್ಮಲ್ಲಿ ಇಲ್ಲ. 10 ವರ್ಷದ ಡೀಸೆಲ್ ಗಲಾಟೆ ದೆಹಲಿ ಸುತ್ತಮುತ್ತಲಿನದು, ವಾಟ್ಸಾಪ್‌ನಲ್ಲಿ ಅದು ಇಲ್ಲಿವರೆಗೆ ಬಂದಿದೆ ಅಷ್ಟೇ. ಖಾಸಗಿ ಕಾರಿಗೆ 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷ ಸಿಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಫಾರಂ 25. ನಿಮ್ಮದು ಸೆಪ್ಟೆಂಬರ್ ಆದರೆ ಜುಲೈಯಲ್ಲೇ ಶುರು ಮಾಡಿ. ತಡವಾದರೆ ಕಾರಿಗೆ ತಿಂಗಳಿಗೆ 500 ದಂಡ, ನಡುವೆ ಏನಾದರೂ ತಾಗಿತೋ, ಇನ್ಶೂರೆನ್ಸ್‌ನವರು ತಕರಾರು ತೆಗೆಯಲು ಅದೊಂದು ಸಾಕು.

ದುಡ್ಡಿನ ಲೆಕ್ಕ: ನವೀಕರಣ ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಿಂದ 5,000 ಮಾಡಿದರು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿಸಿದ್ದಾರೆ, ಅದು ನಿಮಗೆ ಈಗ ಬೇಡ. ಇದರ ಮೇಲೆ ಕೇರಳದ ಐದು ವರ್ಷದ ರೋಡ್ ಟ್ಯಾಕ್ಸ್. 2025ರ ಬಜೆಟ್‌ನಲ್ಲಿ ಅದನ್ನು ಶೇ. 50 ಏರಿಸಿದರು. ಖಾಲಿ ತೂಕ 750ರಿಂದ 1,500 ಕೆ.ಜಿ. ಒಳಗಿನ ಕಾರಿಗೆ 8,600 ಇದ್ದದ್ದು 12,900 ಆಯಿತು. ಡಿಸೈರ್ ಅದರಲ್ಲೇ ಬರುತ್ತದೆ. ಎರಡೂ ಸೇರಿ 18,000 ಹತ್ತಿರ, ವರ್ಷಕ್ಕೆ 3,600 ಬಿತ್ತು. ಮುಂದಿನ ವರ್ಷ ಕಟ್ಟುವಾಗ ಪರಿವಾಹನ್ ಸೈಟಿನಲ್ಲಿ ಎಷ್ಟು ತೋರಿಸುತ್ತದೆ ನೋಡಿಕೊಂಡೇ ಹೋಗಿ, ಇವರು ಬಜೆಟ್ ಬಂದಾಗಲೆಲ್ಲ ಹಳೇ ಗಾಡಿಯ ಮೇಲೆ ಕಣ್ಣು ಹಾಕುತ್ತಾರೆ.

ತಪಾಸಣೆಗೆ ನನ್ನ ಕಾರಿನಲ್ಲಿ ನೋಡಿದ್ದು ಚಾಸಿಸ್ ನಂಬರ್, ಲೈಟ್, ಹಾರ್ನ್, ಟೈರ್, ಬ್ರೇಕ್, ಬಾಡಿ. ಚಾಸಿಸ್ ನಂಬರಿನ ಮೇಲೆ ತುಕ್ಕು ಕೂತು ಕಾಣುತ್ತಿರಲಿಲ್ಲ, ಅದಕ್ಕೇ ಒಂದು ಸಲ ವಾಪಸ್ ಬಂದೆ. ನೀವು ಮೊದಲೇ ಉಜ್ಜಿ ಸ್ವಲ್ಪ ಗ್ರೀಸ್ ಹಚ್ಚಿಡಿ. ಹೊಗೆ ಸರ್ಟಿಫಿಕೇಟೂ ಬೇಕು, ಆ ಕಪ್ಪು ಹೊಗೆ ಇಟ್ಟುಕೊಂಡು ಅದು ಸಿಗುವುದು ಕಷ್ಟ.

ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ ಸಾಕಾದರೆ 1,000ದಿಂದ 1,500 ಸಿಸಿಗೆ 3,416, ಮೇಲೆ ಜಿಎಸ್‌ಟಿ. ನಿಮ್ಮದು 1,248 ಸಿಸಿ.


ಉಪ್ಪಳ_ಗೇಟ್:

ಮೂರನೇ ದಾರಿ ಯಾರೂ ಹೇಳಲಿಲ್ಲ. ಐದಾರು ವರ್ಷದ ಪೆಟ್ರೋಲ್ ಕಾರು ಸೆಕೆಂಡ್ ಹ್ಯಾಂಡ್ ತಕೊಳ್ಳಿ, ನಾಲ್ಕು ಲಕ್ಷದೊಳಗೆ ಆಗುತ್ತದೆ. ವರ್ಷಕ್ಕೆ 9,000 ಓಡುವವರಿಗೆ ಡೀಸೆಲ್ ಯಾಕೆ? ಮಾರುತಿಯವರೇ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ನಿಲ್ಲಿಸಿದ್ದಾರೆ.

ಆದರೆ ಮಂಗಳೂರಿನಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಕೆಎ 19, ಅಂದರೆ ಕರ್ನಾಟಕ ನೋಂದಣಿಯ ಗಾಡಿ ತರಬೇಡಿ, ನಾನು ತಂದು ಅನುಭವಿಸಿದ್ದೇನೆ. ಅಲ್ಲಿಂದ ಎನ್ಒಸಿ ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದರಲ್ಲಿ ಉಳಿದದ್ದನ್ನು ವಾಪಸ್ ಕೇಳಬೇಕು. ಮೂರು ಸಲ ರಜೆ ಹಾಕಿ ಓಡಾಡಿದ್ದೇನೆ. ಮನೆಯಿಂದ ಹತ್ತು ಕಿಲೋಮೀಟರ್ ಆಚೆ ಇನ್ನೊಂದು ರಾಜ್ಯ, ಡೀಸೆಲ್ ಹಾಕಿಸಲು ಮಾತ್ರ ಗಡಿ ನಮಗೆ ಲಾಭ, ಉಳಿದದ್ದಕ್ಕೆಲ್ಲ ಕಾಗದ.

ಇನ್ನೊಂದು, 2023ಕ್ಕಿಂತ ಹಿಂದಿನ ಪೆಟ್ರೋಲ್ ಕಾರು ತಕೊಳ್ಳುವುದಾದರೆ ಇ20 ಬಗ್ಗೆ ಕಂಪನಿ ಏನು ಹೇಳುತ್ತದೆ ಅಂತ ಮ್ಯಾನುಯಲ್ ನೋಡಿ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ, ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್.


ಮುಳ್ಳೇರಿಯ_ಅಕ್ಕ:

ಸೆಕೆಂಡ್ ಹ್ಯಾಂಡ್ ಅಂದರೆ ಬೇರೆಯವರ ತಲೆನೋವನ್ನು ದುಡ್ಡು ಕೊಟ್ಟು ತರುವುದು. ಮೇಷ್ಟ್ರಿಗೆ ತನ್ನ ಕಾರಿನ ಪ್ರತಿ ಶಬ್ದವೂ ಗೊತ್ತು, ಅದಕ್ಕೆ ಬೆಲೆ ಇಲ್ವಾ?


ನೀರ್ಚಾಲು_ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಇಡೀ ಅಂಗಳದಲ್ಲಿ ಇದೇ ಕೆಲಸ. ಅಪ್ಪ ಜಗಲಿಯಲ್ಲಿ ಕೂತು ನಿರ್ದೇಶನ ಕೊಡುತ್ತಿದ್ದರು.

ಆಯಿಲ್ ಮುಚ್ಚಳ ಮಗುಚಿ ಇಟ್ಟೆ. ನಡುಗಿತು, ಸ್ವಲ್ಪ ತಿರುಗಿತು, ಆದರೆ ಬೀಳಲಿಲ್ಲ. ಮಗಳು ವೀಡಿಯೊ ತೆಗೆದಳು. ಎರಡು ಸರ್ವಿಸ್ ನಡುವೆ ನಾನು ಅರ್ಧ ಲೀಟರ್ ಆಯಿಲ್ ಹಾಕಿರಬಹುದು, ಅದಕ್ಕಿಂತ ಜಾಸ್ತಿ ಇಲ್ಲ.

ಟೈರ್ ಅಂಕಿ ನೋಡಿ ನಾಚಿಕೆ ಆಯಿತು. ಮುಂದಿನ ಎರಡು 2417. ಎಂಟು ವರ್ಷ ಆಗಿದೆ! ಮೇಲಿನ ಹಲ್ಲು ಇನ್ನೂ ಸವೆದಿಲ್ಲ ಅಂತ ಓಡಿಸುತ್ತಿದ್ದೆ, ಬಗ್ಗಿ ನೋಡಿದರೆ ಬದಿಯಲ್ಲಿ ಬಿಸಿಲಿಗೆ ಒಣಗಿದ ಗದ್ದೆಯ ಹಾಗೆ ಬಿರುಕು.

ಸ್ಕ್ರೂಡ್ರೈವರ್ ಪರೀಕ್ಷೆ: ಜ್ಯಾಕ್ ಅಂಚು ಟಕ್. ಆಕ್ಸಲ್ ಹತ್ತಿರ ಟಕ್. ಬಾನೆಟ್ ಒಳಗೆ ಟಕ್. ಫ್ಲೋರ್ ಟಕ್. ನಾನು ಗೆದ್ದೆ ಅಂದುಕೊಂಡು ಡಿಕ್ಕಿ ತೆರೆದು ಸ್ಟೆಪ್ನಿ ಎತ್ತಿದೆ. ಕೆಳಗೆ ಎರಡು ಇಂಚು ಕೆಂಪು ನೀರು, ಅದರಲ್ಲಿ ಕಪ್ಪಾದ ಎರಡು ಅಡಿಕೆ, ಮಗಳು ಏಳನೇ ಕ್ಲಾಸಿನಲ್ಲಿ ಕಳೆದುಕೊಂಡು ಅತ್ತಿದ್ದ ಕಂಪಾಸ್ ಬಾಕ್ಸ್. ನೀರು ತೆಗೆದು ಒರೆಸಿ ಒತ್ತಿದರೆ ತುದಿ ಸಲೀಸಾಗಿ ಒಳಗೆ ಹೋಯಿತು. ರೂಪಾಯಿ ನಾಣ್ಯದಷ್ಟು ತೂತು, ಅಲ್ಲಿಂದ ಅಂಗಳ ಕಾಣುತ್ತದೆ. ಗ್ರೀಸ್ ಕೈಯವರೇ, ಇದು ನೀವು ಹೇಳಿದ ‘ಬ್ರೋಕರ್‌ಗೆ ಕೊಡಿ’ ಜಾಗವಾ?


ಗ್ರೀಸ್_ಕೈ:

ಅಲ್ಲ. ಸ್ಟೆಪ್ನಿ ಇಡುವ ತಟ್ಟೆ ಅದು, ಕಾರಿನ ಭಾರ ಅದರ ಮೇಲೆ ಇಲ್ಲ. ತುಕ್ಕು ಹಿಡಿದ ಭಾಗ ಕತ್ತರಿಸಿ, ತಗಡು ಹಾಕಿ ವೆಲ್ಡ್ ಮಾಡಿ, ಕೆಳಗಿನಿಂದ ಅಂಡರ್‌ಕೋಟ್ ಹೊಡೆಸಿದರೆ ಆಯಿತು. ಆದರೆ ನೀರು ಎಲ್ಲಿಂದ ಬಂತು ಅಂತ ಹುಡುಕದೆ ವೆಲ್ಡ್ ಮಾಡಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ. ಡಿಕ್ಕಿಯ ಸುತ್ತ ಇರುವ ರಬ್ಬರ್, ಹಿಂದಿನ ಲೈಟ್‌ನ ರಬ್ಬರ್ ನೋಡಿ. ಒಬ್ಬರನ್ನು ಟಾರ್ಚ್ ಹಿಡಿಸಿ ಡಿಕ್ಕಿಯೊಳಗೆ ಮಲಗಿಸಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಮಕ್ಕಳಿಗೆ ಇಷ್ಟ ಆಗುತ್ತದೆ.

ಮುಚ್ಚಳ ಬೀಳದಿದ್ದರೆ ಎಂಜಿನ್ ಬಿಚ್ಚಬೇಡಿ. ಹೋಸ್ ನೋಡಿದಿರಾ?


ನೀರ್ಚಾಲು_ಮೇಷ್ಟ್ರು:

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ, ಪರೀಕ್ಷೆ ಪೇಪರ್ ರಾಶಿ ಇತ್ತು.

ಹೋಸ್‌ಗೆ ಕೈ ಹಾಕಿದರೆ ಪಸೆ ಇತ್ತು, ‘ಸುಯ್’ ನನಗೆ ಕೇಳಲಿಲ್ಲ, ಮಗಳಿಗೆ ಕೇಳಿತು. ಮೊದಲಿನ ಗ್ಯಾರೇಜ್ ಬಿಟ್ಟು ಬೇರೆ ಕಡೆ ಕೊಟ್ಟೆ. ಬಿಚ್ಚಿ ತೋರಿಸಿದರು, ಕ್ಲಾಂಪಿನ ಪಕ್ಕ ಅಡಿಭಾಗದಲ್ಲಿ ಬೆರಳುದ್ದ ಸೀಳು. ಬೆರಳಿನಿಂದ ಒತ್ತಿದರೆ ಮೀನಿನ ಬಾಯಿಯ ಹಾಗೆ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಹೊಸ ಹೋಸ್ ಕೂಲಿ ಸೇರಿ 1,900. ನನಗೆ ನಿಜಕ್ಕೂ ಸಿಟ್ಟು ಬಂತು, ಇದಕ್ಕೆ 48,000 ಹಾಕಲು ಹೊರಟಿದ್ದೆನಲ್ಲ!

ಹೀಟರ್ ಪ್ಲಗ್ ಎರಡು ಸತ್ತಿದ್ದವು, 1,800. ಕ್ಲಚ್ ಹೇಳಿದ ಹಾಗೆ 10,500. ಸಸ್ಪೆನ್ಷನ್ ಪೂರ್ತಿ ಬೇಡ, ಲೋವರ್ ಆರ್ಮ್ ಬುಷ್ ಮತ್ತು ಲಿಂಕ್ ಸಾಕು ಅಂದರು, 5,200. ಡಿಕ್ಕಿಯ ವೆಲ್ಡಿಂಗ್ 2,500, ನೀರು ಬರುತ್ತಿದ್ದದ್ದು ಎಡಗಡೆ ಲೈಟಿನ ರಬ್ಬರಿನಿಂದ. ಟೈರ್ ನಾಲ್ಕೂ ಹೊಸದು, 19,600. ಒಟ್ಟು 41,500. ಆರ್‌ಸಿಯ 18,000 ಸೇರಿಸಿದರೆ ಅರುವತ್ತು ಸಾವಿರದ ಒಳಗೆ. ಹೊಸ ಕಾರಿನ ಐದಾರು ಕಂತು. ಮೂರು ವರ್ಷ ಓಡಿದರೂ ನನಗೆ ಲಾಭ, ನಡುವೆ ಟರ್ಬೊ ಅಥವಾ ಇಂಜೆಕ್ಟರ್ ಹೋದರೆ ಆವತ್ತೇ ಕೊಟ್ಟುಬಿಡುವುದು ಅಂತ ಮನೆಯಲ್ಲಿ ಮಾತಾಗಿದೆ. ತಂಗಿ ಇದನ್ನು ಬರೆದು ಸಹಿ ಹಾಕಿಸಿಕೊಂಡಿದ್ದಾಳೆ, ತಮಾಷೆಗಲ್ಲ.

ಕಪ್ಪು ಹೊಗೆ ಈಗ ಇಲ್ಲ ಅಂತಲೇ ಹೇಳಬಹುದು, ಏರಿನಲ್ಲಿ ತುಂಬ ಒತ್ತಿದರೆ ಸ್ವಲ್ಪ. ನಮ್ಮ ಅಂಗಳದ ಏರನ್ನು ಎರಡನೇ ಗೇರ್‌ನಲ್ಲಿ ಹತ್ತಿದೆ, ವರ್ಷಗಳೇ ಆಗಿತ್ತು. ಹೈವೇಯಲ್ಲಿ 90ಕ್ಕೆ ಸ್ಟೀರಿಂಗ್ ಸುಮ್ಮನಿದೆ.

ಹೆಂಡತಿಯ ಶರತ್ತು ಒಂದಿತ್ತು: ಎರಡು ತಿಂಗಳು ತೊಂದರೆ ಇಲ್ಲದೆ ಓಡುವವರೆಗೆ ಮಾವನ ಚೆಕಪ್‌ಗೆ ಟ್ಯಾಕ್ಸಿ. ನಾನು ಒಪ್ಪಿದೆ, ಅದು ನ್ಯಾಯವೇ. ಮೊನ್ನೆ ಟ್ಯಾಕ್ಸಿ ಅಂಗಳಕ್ಕೆ ಬಂತು, ಅಪ್ಪ ಹೋಗಿ ಡಿಸೈರ್‌ನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಕರೆದರೂ ಇಳಿಯಲಿಲ್ಲ. ಟ್ಯಾಕ್ಸಿಯವನಿಗೆ 300 ಕೊಟ್ಟು ಕಳಿಸಿ ನಮ್ಮದರಲ್ಲೇ ಹೋದೆವು. ಹೋಗಿ ಬಂದೆವು, ಏನೂ ಆಗಲಿಲ್ಲ, ಹೆಂಡತಿ ಮಾತ್ರ ದಾರಿಯುದ್ದಕ್ಕೂ ಟೆಂಪರೇಚರ್ ಮೀಟರ್ ನೋಡುತ್ತಿದ್ದಳು.

ಎಸಿ ಮಾಡಿಸಿಲ್ಲ. ಮಾರ್ಚ್ ಬಂದರೆ ಅಪ್ಪನಿಗೆ ಕಷ್ಟ. ಕೂಲಿಂಗ್ ಕಾಯಿಲ್ ಕಂಪನಿಯದ್ದೇ ಆಗಬೇಕಾ, ಹೊರಗಿನದ್ದು ಹಾಕಿದವರು ಯಾರಾದರೂ ಇದ್ದೀರಾ?


ಗ್ರೀಸ್_ಕೈ:

ಕಾಯಿಲ್ ಹೋಗಿದೆ ಅಂತ ಯಾರು ಹೇಳಿದ್ದು, ಆ ಮೊದಲಿನ ಎಸ್ಟಿಮೇಟಾ? ಗ್ಯಾಸ್ ಎಷ್ಟು ಇದೆ ಅಂತ ಮೊದಲು ಗೇಜ್ ಹಾಕಿಸಿ ನೋಡಿ ಮೇಷ್ಟ್ರೇ.